ಸಂಬಳದ ಕೆಲಸಕ್ಕೆ ಬೆಲೆ ತಂದ ಮಹನೀಯ ಸರ್ ಎಂ. ವಿಶ್ವೇಶ್ವರಯ್ಯ

ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದಾಗ, ನನಗೆ ಕಳೆದ ಸಾಮಾನ್ಯ ಸಭೆಯಲ್ಲಿ ಎದ್ದ ಒಂದು ಪ್ರಶ್ನೆ ನೆನಪಿಗೆ ಬಂತು. ಗೋಡೌನಿನ ತೂಕ, ದಾಸ್ತಾನು, ಕಾವಲು ಇವನ್ನೆಲ್ಲ ಸಂಬಳದ ನೌಕರರ ಕೈಲಿ ಮಾಡಿಸುವುದಕ್ಕಿಂತ ಯಾರಿಗಾದರೂ ಒಟ್ಟಾರೆ ಗುತ್ತಿಗೆ ಕೊಟ್ಟುಬಿಟ್ಟರೆ ಸಂಘಕ್ಕೆ ನಾಲ್ಕು ಕಾಸು ಉಳಿಯುತ್ತದಲ್ಲ ಅಂತ ಕೆಲವರು ಕೇಳಿದರು. ಗುತ್ತಿಗೆ ಅಂದರೇನೇ ಲೂಟಿ ಅಂತ ಇನ್ನು ಕೆಲವರು ಎದ್ದು ನಿಂತರು. ಮಾತಿಗೆ ಮಾತು ಬೆಳೆದು, ಯಾವ ತೀರ್ಮಾನವೂ ಆಗದೆ ಸಭೆ ಮುಗಿಯಿತು. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನವನ್ನು ಒಮ್ಮೆ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಅವರ ಫೋಟೋ ಇಲ್ಲದ ಶಾಲೆ ಇಲ್ಲ. ಪೇಟ ಧರಿಸಿದ ಆ ಮುಖ ಎಲ್ಲರಿಗೂ ಗೊತ್ತು. ಆದರೆ ಅವರು ತಮ್ಮ ದುಡಿಮೆಯ ಮೊದಲ ಕಾಲು ಶತಮಾನವನ್ನು ಬರೀ ಸಂಬಳದ ನೌಕರರಾಗಿ ಕಳೆದವರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 19ನೇ ಶತಮಾನದ 60ರ ದಶಕದ ಆರಂಭದಲ್ಲಿ. ಸೆಪ್ಟೆಂಬರ್ 15 ಅವರ ಜನ್ಮದಿನ. ಆ ದಿನವನ್ನೇ ದೇಶದಲ್ಲೆಲ್ಲ ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮನವರು. ಓದುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬಾಲಕ ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಆಮೇಲೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಇಂಜಿನಿಯರಿಂಗ್ ಓದಲು ಕಳಿಸಿತು. ಇದನ್ನು ಗಮನಿಸಬೇಕು. ಬಡ ಮನೆಯ ಹುಡುಗನೊಬ್ಬನ ಮೇಲೆ ಸರ್ಕಾರ ಹಾಕಿದ ಆ ಹಣ ಮುಂದೆ ನಾಡಿಗೆ ಎಷ್ಟು ಪಟ್ಟಾಗಿ ಹಿಂದಕ್ಕೆ ಬಂತು ಎಂಬುದಕ್ಕೆ ಯಾವ ಬಡ್ಡಿ ಲೆಕ್ಕವೂ ಸಾಲದು.

1883ರಲ್ಲಿ ಅವರು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರಾಗಿ ಸೇರಿದರು. ಮೊದಲ ಕೆಲಸ ನಾಸಿಕ್ ಮತ್ತು ಖಾನ್‌ದೇಶದ ಕಡೆ. ಹಳ್ಳದ ಅಡಿಯಲ್ಲಿ ಕೊಳವೆ ಹಾಯಿಸಿ ಆಚೆ ದಡಕ್ಕೆ ನೀರು ಒಯ್ಯುವ ಕೆಲಸವನ್ನು ಹೊಸದಾಗಿ ಸೇರಿದ ಈ ಹುಡುಗನಿಗೆ ವಹಿಸಿದರು. ಮಳೆಗಾಲ ಬಂದು ಹಳ್ಳ ಉಕ್ಕಿ ಕೆಲಸ ಕೆಟ್ಟರೂ ಪಟ್ಟು ಬಿಡದೆ ಮುಗಿಸಿದರು. ಸಂಬಳ ತಿಂಗಳಿಗೆ ಇಂತಿಷ್ಟು ಅಂತ ಗೊತ್ತಿದ್ದದ್ದೇ. ಹಳ್ಳದಲ್ಲಿ ನೆನೆದರೂ ಅಷ್ಟೇ, ಬಿಡಾರದಲ್ಲಿ ಕೂತರೂ ಅಷ್ಟೇ. ಆದರೂ ನೆನೆದರು.

1890ರ ದಶಕದಲ್ಲಿ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕುಡಿಯುವ ನೀರಿನ ಕೆಲಸಕ್ಕೆ ಕಳಿಸಿದರು. ಊರ ಪಕ್ಕದಲ್ಲೇ ಸಿಂಧೂ ನದಿ ಇದ್ದರೂ ನೀರೆಲ್ಲ ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟೋಣವೆಂದರೆ ಪುರಸಭೆಯ ಕೈಲಿ ಅಷ್ಟು ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ದಡದ ಹತ್ತಿರ ಬಾವಿ ತೋಡಿಸಿದರು. ಮರಳಿನ ಮೂಲಕ ತಾನಾಗಿಯೇ ಸೋಸಿ ಬಂದ ತಿಳಿನೀರನ್ನು ಪಂಪು ಇಟ್ಟು ಮೇಲೆತ್ತಿ ಊರಿಗೆ ಕೊಟ್ಟರು. ಹೊಳೆ ಬತ್ತಿದಾಗ ನಮ್ಮ ಹೆಂಗಸರು ಮರಳಲ್ಲಿ ಒರತೆ ತೋಡಿ ನೀರು ತುಂಬಿಕೊಳ್ಳುವುದಿಲ್ಲವೇ, ಅದೇ ಉಪಾಯ. ಕೆಲಸ ದೊಡ್ಡದಾದಷ್ಟೂ ಬಿಲ್ ದೊಡ್ಡದಾಗುವ ಕಡೆ ಇಂಥ ಅಗ್ಗದ ಉಪಾಯ ಹೊಳೆಯುವುದು ಕಷ್ಟ. ಖರ್ಚು ಕಡಿಮೆಯಾದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಸಂಬಳದ ನೌಕರನಿಂದ ಆಗಬಹುದಾದ ಮೊದಲ ಉಪಕಾರ ಇದು.

ಪುಣೆಯ ಹತ್ತಿರದ ನೀರಾ ನಾಲೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿ ರೈತರಾದ ನಮಗೆ ಬೇಗ ಅರ್ಥವಾಗುತ್ತದೆ. ನಾಲೆಯ ತಲೆಭಾಗದವರು ನೀರು ಹಾಯಿಸಿ ಹಾಯಿಸಿ ಭೂಮಿ ಜೌಗು ಮಾಡಿಕೊಳ್ಳುತ್ತಿದ್ದರು, ಕೊನೆಭಾಗದವರಿಗೆ ಹನಿ ನೀರಿಲ್ಲ. ವಿಶ್ವೇಶ್ವರಯ್ಯನವರು ಒಂದೊಂದು ಹಳ್ಳಿಗೂ ಜಮೀನಿನ ಬ್ಲಾಕುಗಳನ್ನು ಗೊತ್ತುಮಾಡಿ, ಬೆಳೆಗಳನ್ನು ಸರದಿಯ ಮೇಲೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ಹಂಚುವ ಏರ್ಪಾಟು ಮಾಡಿದರು. ಮೊದಮೊದಲು ರೈತರು ಒಪ್ಪಲಿಲ್ಲ. ಅವರು ಜನರನ್ನು ಕೂಡಿಸಿ, ತಿಳಿಸಿ ಹೇಳಿ, ಮನ ಒಲಿಸಿದರು. ನಾಲೆ ಅಗೆಯುವುದನ್ನು ಯಾರಿಗೆ ಬೇಕಾದರೂ ಗುತ್ತಿಗೆ ಕೊಡಬಹುದು. ಆದರೆ ನಾಲೆಯ ನೀರನ್ನು ತಲೆಭಾಗಕ್ಕೂ ಕೊನೆಭಾಗಕ್ಕೂ ನ್ಯಾಯವಾಗಿ ಹಂಚುವುದಕ್ಕೆ ಯಾರ ಕಡೆಯವನೂ ಅಲ್ಲದ ಒಬ್ಬ ನೌಕರ ಬೇಕು. ನಮ್ಮ ಕೆರೆಗಳಿಗೆ ಹಿಂದೆ ನೀರುಗಂಟಿ ಇದ್ದದ್ದು ಇದಕ್ಕೇ. ತೂಬು ಎತ್ತುವುದು ಅವನೊಬ್ಬನೇ. ಗೌಡರ ಗದ್ದೆಗೂ ಅವನೇ, ಬಡವನ ಗದ್ದೆಗೂ ಅವನೇ. ಅವನಿಗೆ ಸಲ್ಲುವ ಕಾಳನ್ನು ಇಡೀ ಊರು ಸೇರಿ ಅಳೆದು ಕೊಡುತ್ತಿತ್ತು.

1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ನೀರು ಸುಮ್ಮನೆ ಹೋಗುತ್ತಿತ್ತು. ಅಣೆಕಟ್ಟೆಯನ್ನು ಎತ್ತರಿಸಿದರೆ ಖರ್ಚು ಬಹಳ. ಇವರ ಗೇಟುಗಳು ಕೋಡಿಯ ಮೇಲೆ ಸುಮಾರು 8 ಅಡಿ ನೀರನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದವು. ಮಟ್ಟ ಮೀರಿದರೆ ತಾವಾಗಿಯೇ ತೆರೆದುಕೊಂಡವು, ಇಳಿದರೆ ತಾವಾಗಿಯೇ ಮುಚ್ಚಿಕೊಂಡವು. ಅದಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ಆಯಿತು. ಆದರೆ ಅದರಿಂದ ಬರಬಹುದಾಗಿದ್ದ ರಾಯಧನ ಅವರು ಮುಟ್ಟಲಿಲ್ಲ. ಸರ್ಕಾರದ ಸಂಬಳ ತಿನ್ನುವ ಹೊತ್ತಿನಲ್ಲಿ ಕಂಡುಹಿಡಿದದ್ದು ಸರ್ಕಾರಕ್ಕೇ ಸೇರಿದ್ದು ಎಂಬುದು ಅವರ ನಿಲುವಾಗಿತ್ತು. ಮುಂದೆ ಇದೇ ಬಗೆಯ ಗೇಟುಗಳು ನಮ್ಮ ಕನ್ನಂಬಾಡಿ ಕಟ್ಟೆಗೂ ಬಂದವು.

ಇಷ್ಟು ಓದಿದವರು ಆಗ ಗುತ್ತಿಗೆ ಇರಲಿಲ್ಲವೇನೋ ಅಂದುಕೊಂಡಾರು. ಹಾಗಲ್ಲ. ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯಲ್ಲಿ ಎರಡು ಬಗೆಯೂ ಇದ್ದವು. ಒಂದು, ಕೂಲಿಯವರ ಹೆಸರನ್ನು ಮಸ್ಟರ್ ರೋಲಿನಲ್ಲಿ ಬರೆದುಕೊಂಡು ಇಲಾಖೆಯೇ ನೇರವಾಗಿ ಮಾಡಿಸುವುದು. ಇನ್ನೊಂದು, ದರ ಗೊತ್ತುಮಾಡಿ ಗುತ್ತಿಗೆದಾರನ ಕೈಲಿ ಮಾಡಿಸುವುದು. ಗುತ್ತಿಗೆ ಕೆಲಸಕ್ಕೆ ಎಂ.ಬಿ. ಎನ್ನುವ ಅಳತೆ ಪುಸ್ತಕ ಇರುತ್ತದೆ. ಎಷ್ಟು ಮಣ್ಣು ಅಗೆದರು, ಎಷ್ಟು ಕಲ್ಲು ಕಟ್ಟಿದರು ಅಂತ ಇಲಾಖೆಯ ನೌಕರ ಸ್ಥಳದಲ್ಲಿ ಟೇಪು ಹಿಡಿದು ಅಳೆದು ಅದರಲ್ಲಿ ಬರೆದು ಸಹಿ ಮಾಡಬೇಕು. ಆಮೇಲೇ ಬಿಲ್ಲು. ಗುತ್ತಿಗೆ ಪದ್ಧತಿಯ ಜೀವ ಇರುವುದು ಗುತ್ತಿಗೆದಾರನಲ್ಲಿ ಅಲ್ಲ, ಈ ಅಳತೆ ಪುಸ್ತಕದಲ್ಲಿ. ಅಳೆಯುವವನು ಕೆಲಸ ಬಲ್ಲವನೂ ಪ್ರಾಮಾಣಿಕನೂ ಆಗಿದ್ದರೆ ಗುತ್ತಿಗೆದಾರನೂ ಸರಿಯಾಗಿ ಮಾಡುತ್ತಾನೆ. ಅಳೆಯುವವನೇ ಇಲ್ಲದಿದ್ದರೆ, ಅಥವಾ ಬಿಡಾರದಲ್ಲಿ ಕೂತು ಎಂ.ಬಿ. ಬರೆದರೆ, ಒಳ್ಳೆಯ ಗುತ್ತಿಗೆದಾರನೂ ಕೆಡುತ್ತಾನೆ. ವಿಶ್ವೇಶ್ವರಯ್ಯನವರು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡದೆ ಬರೆಯುವವರಲ್ಲ. ಅವರ ಶಿಸ್ತಿನ ಬಗ್ಗೆ ಇರುವ ನೂರಾರು ಕತೆಗಳಿಗೆ ಮೂಲ ಇದೇ.

1908ರಲ್ಲಿ ಅವರು ತಾವಾಗಿಯೇ ಬೊಂಬಾಯಿ ಸರ್ಕಾರದ ಕೆಲಸದಿಂದ ನಿವೃತ್ತರಾದರು. ಆ ಕಾಲದಲ್ಲಿ ಭಾರತೀಯನೊಬ್ಬನಿಗೆ ಅಲ್ಲಿ ಚೀಫ್ ಇಂಜಿನಿಯರ್ ಹುದ್ದೆ ಸಿಗುವ ಹಾಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆಯಬೇಕೆಂದು ಇವರು ವರದಿ ಕೊಟ್ಟರು. ಆ ದಾರಿಯಲ್ಲೇ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು.

1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರಾಗಿ ಅವರು ತವರಿಗೆ ಬಂದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಕೆಳಗಿನ ಮದರಾಸು ಸರ್ಕಾರದ ತಕರಾರು ಒಂದು ಕಡೆ, ಹಣದ ಮುಗ್ಗಟ್ಟು ಇನ್ನೊಂದು ಕಡೆ, ಕೆಲಸಗಾರರಿಗೆ ಮಲೇರಿಯಾದ ಕಾಟ ಮತ್ತೊಂದು ಕಡೆ. ಸಿಮೆಂಟಿನ ಬದಲು ಸುಣ್ಣ ಸುರ್ಕಿ ಗಾರೆಯಲ್ಲಿ ಸುಮಾರು 8600 ಅಡಿ ಉದ್ದ, 130 ಅಡಿ ಎತ್ತರದ ಕಟ್ಟೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಧೈರ್ಯ ಮಾಡಿ ಒಪ್ಪಿಗೆ ಕೊಡದಿದ್ದರೆ ಈ ಕಟ್ಟೆ ಕಾಗದದಲ್ಲೇ ಉಳಿಯುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಕಟ್ಟೆಯ ಕೆಲಸ ಮುಗಿದದ್ದು 1931ರಲ್ಲಿ. ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟದ್ದು 1918ರ ಕೊನೆಗೆ. ಹಾಗಾದರೆ ನಡುವಿನ ಹನ್ನೆರಡು ಹದಿಮೂರು ವರ್ಷ ಕೆಲಸ ಸಾಗಿಸಿದವರು ಯಾರು? ಇಲಾಖೆಯ ಇಂಜಿನಿಯರುಗಳು, ಓವರ್ಸಿಯರುಗಳು, ಗುಮಾಸ್ತರು, ಮೇಸ್ತ್ರಿಗಳು. ನಕ್ಷೆ ಅವರ ಬಳಿ ಇತ್ತು, ಅಳತೆ ಪುಸ್ತಕ ಅವರ ಬಳಿ ಇತ್ತು, ಯಾವ ಬುನಾದಿಯಲ್ಲಿ ಯಾವ ಕಲ್ಲು ಸಿಕ್ಕಿತು ಎಂಬ ನೆನಪು ಅವರ ತಲೆಯಲ್ಲಿತ್ತು. ದಿವಾನರು ಬದಲಾದರು, ಕೆಲಸ ನಿಲ್ಲಲಿಲ್ಲ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲದಿರಬಹುದು. ಮಂಡ್ಯ ಸೀಮೆಯ ಗದ್ದೆಗಳಿಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯಲ್ಲಿ ಅವರ ಪಾಲೂ ಇದೆ. ಗುತ್ತಿಗೆದಾರನಿಗೆ ಕೆಲಸ ಮುಗಿದ ದಿನ ಸಂಬಂಧ ಮುಗಿಯಿತು, ಅದು ಅವನ ತಪ್ಪಲ್ಲ, ಕರಾರು ಇರುವುದೇ ಹಾಗೆ. ನೌಕರನ ಸಂಬಂಧ ಮುಗಿಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಕಟ್ಟೆ ಸೋರಿದರೆ ಜನ ಹೋಗಿ ಕೇಳುವುದು ಅವನನ್ನೇ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ನೆಂಟರಿಷ್ಟರನ್ನು ಮನೆಗೆ ಕರೆಸಿ, ಯಾರೂ ತಮ್ಮಿಂದ ಶಿಫಾರಸು ಕೇಳಕೂಡದೆಂದು ತಿಳಿಸಿ ಹೇಳಿದರೆಂದು ಇಂದಿಗೂ ಹೇಳುತ್ತಾರೆ. ಸರ್ಕಾರದ ಮೇಣದಬತ್ತಿ ಬೇರೆ, ಸ್ವಂತದ ಮೇಣದಬತ್ತಿ ಬೇರೆ ಇಟ್ಟುಕೊಂಡಿದ್ದರೆಂಬ ಕತೆಯಂತೂ ಮನೆಮಾತು. ಅವರ ಕಾಲದಲ್ಲೇ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆದವು. ಗಂಧದೆಣ್ಣೆ ಕಾರ್ಖಾನೆ, ಸಾಬೂನಿನ ಕಾರ್ಖಾನೆ ಅವರ ಕಾಲದವೇ.

ದೊಡ್ಡವರ ಚರಿತ್ರೆ ಬರೆಯುವಾಗ ಒಂದು ಮುಖವನ್ನು ಮುಚ್ಚಿಟ್ಟರೆ ಅದು ಗೌರವವಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗಬೇಕೆಂದು ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆಯಾಗಬೇಕು, ಇಲ್ಲದಿದ್ದರೆ ಆಡಳಿತದ ದಕ್ಷತೆ ಕೆಡುತ್ತದೆ ಎಂದು ಅವರು ನಂಬಿದ್ದರು. ದಿವಾನಗಿರಿ ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಇಂದು ಹಿಂತಿರುಗಿ ನೋಡಿದರೆ ಮಹಾರಾಜರ ದೃಷ್ಟಿಯೇ ದೊಡ್ಡದಾಗಿತ್ತು ಎನ್ನಬೇಕು. ಬಡ ಹುಡುಗನೊಬ್ಬ ವಿದ್ಯಾರ್ಥಿವೇತನದಿಂದ ಮೇಲೆ ಬಂದ ಹಾಗೆ, ಅವಕಾಶವೇ ಇಲ್ಲದ ಮನೆಗಳ ಮಕ್ಕಳೂ ಸರ್ಕಾರಿ ಕೆಲಸದ ಬಾಗಿಲಿನಿಂದಲೇ ಮೇಲೆ ಬಂದರು. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಮೊದಲು ಓದಿದ ಮೇಷ್ಟ್ರು, ನರ್ಸಮ್ಮ, ಗ್ರಾಮಸೇವಕರನ್ನು ನೆನೆದುಕೊಳ್ಳಿ. ನೌಕರಿಯ ಬೆಲೆಯಲ್ಲಿ ಇದೂ ಸೇರಿದೆ. ಗುತ್ತಿಗೆಯ ಲೆಕ್ಕದಲ್ಲಿ ಇದಕ್ಕೆ ಕಲಮೇ ಇಲ್ಲ.

ಇನ್ನು ಭದ್ರಾವತಿಯ ಸಂಗತಿ. ಸರ್ಕಾರಿ ಕೆಲಸವೆಲ್ಲ ಒಳ್ಳೆಯದು ಎನ್ನುವವರೂ ಇದನ್ನು ಓದಬೇಕು. 1918ರಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿತು. ಅಷ್ಟು ಹೊತ್ತಿಗೆ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಬಿದ್ದಿತ್ತು. ದೊಡ್ಡ ದೊಡ್ಡ ಸಂಬಳದ ಮೇಲೆ ಹೊರದೇಶದ ತಜ್ಞರನ್ನು ಕರಾರಿನ ಮೇಲೆ ಕರೆಸಲಾಗಿತ್ತು. ಸರ್ಕಾರದ ಹಣ ಕರಗುತ್ತಿತ್ತು. ಇದು ಬಿಳಿಯಾನೆ, ಮುಚ್ಚಿಬಿಡಿ ಅಂತ ಹೇಳುವವರು ಹೆಚ್ಚಾದರು. ಆಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಡೆಸಿದರು. ದಂದುಗದ ಖರ್ಚುಗಳನ್ನು ಒಂದೊಂದಾಗಿ ಕತ್ತರಿಸಿದರು, ಲೆಕ್ಕವನ್ನು ಬಿಗಿ ಮಾಡಿದರು. ಹೊರಗಿನ ತಜ್ಞರು ಹೋದ ಹಾಗೆ ಅವರ ಜಾಗಕ್ಕೆ ಮೈಸೂರಿನ ಹುಡುಗರನ್ನೇ ತರಬೇತಿ ಕೊಟ್ಟು ಕೂರಿಸಿದರು. ಕಾರ್ಖಾನೆ ಉಳಿಯಿತು. ಆ ದುಡಿಮೆಗೆ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆಂದು ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹೀಗೆ.

ಇದರಲ್ಲಿ ಎರಡು ಪಾಠ ಇವೆ. ಸರ್ಕಾರದ್ದು ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಕೆಲಸ ನೆಟ್ಟಗಾಗುವುದಿಲ್ಲ. ಕೇಳುವವರಿಲ್ಲದ ನೌಕರ ಅಳೆಯುವವರಿಲ್ಲದ ಗುತ್ತಿಗೆದಾರನಷ್ಟೇ ದುಬಾರಿ. ಎರಡನೆಯದು, ಹೊರಗಿನವರು ಎಷ್ಟೇ ಬುದ್ಧಿವಂತರಾದರೂ ಅವರ ಜೊತೆಯಲ್ಲಿ ನಮ್ಮವರು ಕೆಲಸ ಕಲಿಯದಿದ್ದರೆ, ಅವರು ಹೋದ ದಿನ ನಾವು ಬರಿಗೈ.

ಅವರು ಖಾಸಗಿಯವರ ಶತ್ರುವೂ ಆಗಿರಲಿಲ್ಲ. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಖಾಸಗಿ ಬಂಡವಾಳದ ಯೋಜನೆ ಹಿಡಿದು ಓಡಾಡಿದವರು. ಯಾವ ಕೆಲಸವನ್ನು ಯಾರು ಮಾಡಿದರೆ ಸರಿ ಎಂಬುದನ್ನು ಹಟದಿಂದ ಅಲ್ಲ, ಲೆಕ್ಕದಿಂದ ನೋಡಬೇಕೆನ್ನುವವರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡಲು ಹೋಗಿಬಂದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡರು. ಮುದ್ದೇನಹಳ್ಳಿಯ ಮಣ್ಣಿನಲ್ಲೇ ಅವರ ಸಮಾಧಿ ಇದೆ.

ಈಗ ನಮ್ಮ ಸಾಮಾನ್ಯ ಸಭೆಯ ಪ್ರಶ್ನೆಗೆ ಬರುತ್ತೇನೆ. ನಾನು ತಿಳಿದವನೇನಲ್ಲ, ಆದರೆ ಈ ಜೀವನ ಚರಿತ್ರೆಯನ್ನು ಓದಿಕೊಂಡು ನನಗೆ ತೋಚಿದ್ದು ಇಷ್ಟು. ಹೊಸ ಗೋಡೌನು ಕಟ್ಟಿಸುವುದಾದರೆ ಗುತ್ತಿಗೆ ಕೊಡೋಣ. ವರ್ಷಕ್ಕೊಂದು ಸಲ ಬರುವ ಕೆಲಸಕ್ಕೆ ನೌಕರರನ್ನು ಸಾಕಲಾಗದು. ಆದರೆ ಅಳತೆ ಪುಸ್ತಕ ನಮ್ಮವರ ಕೈಲೇ ಇರಲಿ. ಪಾಯದ ಆಳವನ್ನು ಮುಚ್ಚುವ ಮೊದಲೇ ನಮ್ಮವರು ಅಳೆಯಲಿ. ಇನ್ನು ದಿನ ಬೆಳಗಾದರೆ ನಡೆಯುವ ತೂಕ, ದಾಸ್ತಾನು, ಸಾಲದ ಖಾತೆ, ಇವು ನಮ್ಮ ನೌಕರರ ಕೈಲೇ ಉಳಿಯಲಿ. ರೈತ ತಂದ ರಾಗಿ ಭತ್ತವನ್ನು ತಕ್ಕಡಿಗೆ ಹಾಕುವವನು ಮೂಟೆಯ ಲೆಕ್ಕದಲ್ಲಿ ಲಾಭ ಎಣಿಸುವವನಾಗಬಾರದು. ಯಾರ ಸಾಲ ಯಾವ ಮಳೆ ಕೈಕೊಟ್ಟದ್ದರಿಂದ ಬಾಕಿ ಉಳಿಯಿತು ಎಂಬುದು ಇಪ್ಪತ್ತು ವರ್ಷ ಆ ಮೇಜಿನ ಹಿಂದೆ ಕೂತವನಿಗೆ ಮಾತ್ರ ಗೊತ್ತಿರುತ್ತದೆ. ಆ ನೆನಪಿಗೆ ಟೆಂಡರು ಕರೆಯಲಾಗದು.

ಹಾಗೆಯೇ ನೌಕರ ಬಂಧುಗಳೂ ಒಂದು ಮಾತು ಕೇಳಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯದೆ, ರೈತನನ್ನು ಮೂರು ಸಲ ಓಡಾಡಿಸಿ, ಆಮೇಲೆ ನಮ್ಮನ್ನು ಉಳಿಸಿಕೊಳ್ಳಿ ಎಂದರೆ ಯಾರೂ ಉಳಿಸಿಕೊಳ್ಳುವುದಿಲ್ಲ. ಸದಸ್ಯರು ಗುತ್ತಿಗೆಯ ಮಾತೆತ್ತಿದ್ದು ಸುಮ್ಮನೆ ಅಲ್ಲ, ಬೇಸತ್ತು ಎತ್ತಿದ್ದು. ವಿಶ್ವೇಶ್ವರಯ್ಯನವರು ಸಂಬಳದ ಕೆಲಸಕ್ಕೆ ಬೆಲೆ ತಂದದ್ದು ಸಂಬಳದಿಂದ ಅಲ್ಲ, ಕೆಲಸದಿಂದ.

ಕಾವಲು, ತೂಕ, ಲೆಕ್ಕ, ಈ ಮೂರನ್ನೂ ಮುಂದಿನ ಸಭೆಯಲ್ಲಿ ಒಂದೊಂದಾಗಿ ಎತ್ತಿಕೊಂಡು, ಕೂಗಾಡದೆ, ಖರ್ಚು ವೆಚ್ಚದ ಪಟ್ಟಿ ಮುಂದಿಟ್ಟುಕೊಂಡು ತೀರ್ಮಾನ ಮಾಡೋಣ. ಬೆಳ್ಳಿಹಬ್ಬದ ವರ್ಷದಲ್ಲಿ ಆ ಮಹನೀಯರ ಫೋಟೋಗೆ ಹಾರ ಹಾಕುವುದರ ಜೊತೆಗೆ ಇಷ್ಟನ್ನು ಮಾಡಿದರೆ ಅದೇ ಅವರಿಗೆ ನಾವು ಸಲ್ಲಿಸುವ ನಿಜವಾದ ಗೌರವ. ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ ಎಂದು ಹಾರೈಸುತ್ತೇನೆ.